ದೊಡ್ಡಪ್ಪನ ಕಿವಿಯ ಗಗ್ಗರ

ಅಗಲ್ಪಾಡಿ ಕಡೆ ಯಾರನ್ನು ಕೇಳಿದರೂ ಒಂದೇ ಕತೆ: ನಮ್ಮ ದೊಡ್ಡಪ್ಪನ ಬಲಗಿವಿಯಲ್ಲಿ ದೈವದ ಗಗ್ಗರ ಕೇಳಿಸುತ್ತದೆ. ಕೋಲದಂದು ಕಾಲಿಗೆ ಕಟ್ಟುವ ಗೆಜ್ಜೆಬಳೆ ವರ್ಷವಿಡೀ ಒಬ್ಬರ ಕಿವಿಯೊಳಗೆ, ಅದೂ ಬಲಗಿವಿಯಲ್ಲೇ ಏಕೆ ಕುಣಿಯಬೇಕು? ಚರ್ಚಾಸ್ಪರ್ಧೆಗಳಲ್ಲಿ ನಾಲಗೆ ಹರಿತ ಮಾಡಿಕೊಂಡವಳು ನಾನು. ನೀವಾದರೂ ಕೇಳದೆ ಇರುತ್ತಿದ್ದಿರಾ?

ಮೊನ್ನೆ ಕಾಸರಗೋಡಿನಲ್ಲಿ ದೊಡ್ಡಪ್ಪನ ಕಿವಿ ಪರೀಕ್ಷೆ ಮುಗಿಸಿದ ಡಾಕ್ಟರು ನಾನು ಮನೆಯಲ್ಲಿ ವಾದಿಸುತ್ತಿದ್ದ ಮಾತನ್ನೇ ಹೇಳಿದರು: ಬಲಗಿವಿ ಹೋದದ್ದು ಹೋಯಿತು, ಎಡಗಿವಿ ಉಳಿಯಬೇಕಾದರೆ ಬೆಡಿ ಸಿಡಿಸುವಲ್ಲಿ ನಿಲ್ಲಬಾರದು, ನಿಂತರೂ ಕಿವಿಗೆ ರಕ್ಷೆ ಬೇಕು. ಎಣ್ಣೆ, ಕಡ್ಡಿ ಯಾವುದೂ ಬೇಡ. ನಾನು ಗೆದ್ದವಳಂತೆ ದೊಡ್ಡಪ್ಪನನ್ನು ನೋಡಿದೆ.

"ನೀನೂ ಆ ಪರೀಕ್ಷೆಯ ಗೂಡಿನೊಳಗೆ ಕೂತು ನೋಡು ಮಾರಾಯ್ತಿ. ನಾನು ಹೇಳಿದ್ದು ಒಂದೂ ನಿನಗೆ ಕೇಳುವುದಿಲ್ಲವಲ್ಲ," ಎಂದರು ದೊಡ್ಡಪ್ಪ.

ಒಳಗೆ ಹೊಕ್ಕೆ. ಹೊರಗಿನ ಸದ್ದು ನುಸುಳದ ಆ ಗೂಡಿನಲ್ಲಿ ಅವರ ಅಂಗಿಯ ಬೆಡಿಮದ್ದಿನ ವಾಸನೆ ಇನ್ನೂ ಉಳಿದಿತ್ತು.

ಆ ವಾಸನೆಯಲ್ಲೇ ನಾನು ಬೆಳೆದದ್ದು. ದೇವಸ್ಥಾನದಲ್ಲಿ ಹರಕೆಯ ಕದಿನವೆಂಬ ಬೆಡಿ ಸಿಡಿಸುವವರು ದೊಡ್ಡಪ್ಪ. ಕಬ್ಬಿಣದ ಕುಳಿಗೆ ಮದ್ದು ಜಡಿದು, ಮುಖ ಎಡಕ್ಕೆ ತಿರುಗಿಸಿ ಬೆಂಕಿ ಮುಟ್ಟಿಸುತ್ತಿದ್ದರು. ನಾವೆಲ್ಲ ಕಿವಿ ಮುಚ್ಚುತ್ತಿದ್ದೆವು, ಅವರು ಮುಚ್ಚುತ್ತಿರಲಿಲ್ಲ. "ದೇವರಿಗೆ ಒಪ್ಪಿಸುವ ಸದ್ದಿಗೆ ಕಿವಿ ಮುಚ್ಚುವುದುಂಟಾ?" ಕಿವಿ ಗುಂಯ್‌ಗುಟ್ಟಿದರೆ ದೊಡ್ಡಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದರು. ನಾನು ವಾದಿಸುತ್ತಿದ್ದೆ: ಅದು ಗಗ್ಗರವಲ್ಲ, ಒಳಗಿವಿಯ ಕೂದಲಿನಂಥ ಸೂಕ್ಷ್ಮ ಕೋಶಗಳು ಸಿಡಿತಕ್ಕೆ ಸತ್ತ ಗುರುತು, ಸತ್ತದ್ದು ಮತ್ತೆ ಹುಟ್ಟುವುದಿಲ್ಲ, ಎಣ್ಣೆ ಅಲ್ಲಿಯವರೆಗೆ ತಲುಪುವುದೂ ಇಲ್ಲ. ವಾದ ಮುಗಿಸಿ, ಬಸ್ಸು ಹತ್ತಿ, ಇಂಜಿನ್ನಿನ ಗದ್ದಲವೇ ಮುಳುಗುವಷ್ಟು ಜೋರಾಗಿ ಇಯರ್‌ಫೋನಿನಲ್ಲಿ ಹಾಡು ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಐದು ವರ್ಷ, ದಿನಾ.

ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗ ಒತ್ತಬೇಕಾದ ಗುಂಡಿ ಹಿಡಿದು ಆ ಗೂಡಿನಲ್ಲಿ ಕೂತೆ. ಬಾಗಿಲು ಮುಚ್ಚಿತು. ಅಷ್ಟು ನಿಶ್ಶಬ್ದದೊಳಗೆ ನಾನು ಹಿಂದೆಂದೂ ಕೂತಿರಲಿಲ್ಲ. ಆಮೇಲೆ, ತೀರಾ ಸಣ್ಣಗೆ, ಲೋಹಕ್ಕೆ ಲೋಹ ತಾಗಿದಂಥ ಸದ್ದು. ಒತ್ತಿದೆ. ಮತ್ತೆ ಒತ್ತಿದೆ.

ಗಾಜಿನಾಚೆ ಪರೀಕ್ಷೆಯ ಯಂತ್ರದ ಮುಂದೆ ಕೂತಿದ್ದ ಹುಡುಗಿ ತಲೆಯೆತ್ತಿದಳು. ಹೆಡ್‌ಫೋನಿನಲ್ಲಿ ಅವಳ ದನಿ ಬಂತು: "ಅಕ್ಕಾ, ನಾನು ಇನ್ನೂ ಶುರು ಮಾಡಲಿಲ್ಲ."

ಹೊರಗೆ ಬೆಂಚಿನ ಮೇಲೆ ದೊಡ್ಡಪ್ಪ ಕತ್ತು ವಾಲಿಸಿ ಕೂತಿದ್ದರು, ದೂರದಿಂದ ಯಾರೋ ನಡೆದು ಬರುವುದನ್ನು ಆಲಿಸುವವರಂತೆ. ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. ಕೂತದ್ದು ಅವರ ಬಲಗಿವಿಯ ಕಡೆಗೆ ಎಂದು ಹೊಳೆದದ್ದು ಆಮೇಲೆ.

"ದೊಡ್ಡಪ್ಪ, ಅದು ಒಂದು ಗಳಿಗೆಯಾದರೂ ನಿಲ್ಲುತ್ತದಾ?"