ಚಪ್ಪಾಳೆಯಲ್ಲಿ ಹೋದ ಮಳೆ

ನಾನು ಜಗಳಗಂಟಿ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ಬಂದವಳು. ಗ್ಯಾಸ್ ಏಜೆನ್ಸಿಯವರ ಹತ್ತಿರ, ಬಸ್ ಕಂಡಕ್ಟರ್ ಹತ್ತಿರ, ಮೂಡಿಗೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಷ್ಟು ಕಾಲ ಪ್ರಿನ್ಸಿಪಾಲರ ಹತ್ತಿರ, ಯಾರನ್ನೂ ಬಿಟ್ಟವಳಲ್ಲ. "ನಿನ್ನ ಬಾಯಿ ಮುಚ್ಚಿಸೋರು ಇನ್ನೂ ಹುಟ್ಟಿಲ್ಲ ಮಾರಾಯ್ತಿ" ಎಂದು ನನ್ನ ಯಜಮಾನರು ರೇಗಿಸುತ್ತಿದ್ದರು. ಹುಟ್ಟಿದ್ದಾರೆ ಎಂದು ಗೊತ್ತಾಗುವ ಹೊತ್ತಿಗೆ ನಾನು ಕಾಲೇಜಿನಿಂದ ನಿವೃತ್ತಳಾಗಿದ್ದೆ.

ನಮ್ಮ ಕಡೆ ಇಬ್ಬರು ಎದುರಾದರೆ ಊಟದ ಸುದ್ದಿಗಿಂತ ಮೊದಲು ಮಳೆಯ ಸುದ್ದಿ. "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ನೂರು ಸೆಂಟಿಗೆ ಒಂದು ಇಂಚು. ಬೇಸಿಗೆಯ ಹೂಮಳೆ ಸರಿಯಾಗಿ ಬಿದ್ದರೆ ಕಾಫಿ ಹೂ ಬಿಡುತ್ತದೆ, ಅರೆಬರೆ ಬಿದ್ದರೆ ಮೊಗ್ಗು ಕಮರಿ ಹೋಗುತ್ತದೆ. ಸ್ಪ್ರಿಂಕ್ಲರ್ ಹಚ್ಚಬೇಕೋ ಕಾಯಬೇಕೋ ಎಂದು ಕೂಡಲೇ ತೀರ್ಮಾನ ಮಾಡಬೇಕು. ದೊಡ್ಡ ಎಸ್ಟೇಟುಗಳಲ್ಲಿ ಮಳೆಮಾಪಕ ಇರುತ್ತದೆ. ಎರಡೆಕರೆ ತೋಟದವರಲ್ಲಿ ಇರುವುದಿಲ್ಲ. ಅವರು ಪಕ್ಕದ ಎಸ್ಟೇಟಿನ ಲೆಕ್ಕ ನೋಡಿಕೊಳ್ಳುವ ರೈಟರಿಗೆ ಫೋನ್ ಮಾಡಬೇಕು, ಆತ ಮನಸ್ಸು ಬಂದರೆ ಹೇಳಬೇಕು.

ಈ ತಾಪತ್ರಯ ತಪ್ಪಲಿ ಎಂದೇ ನಾವಿಬ್ಬರು ಒಂದು ಆ್ಯಪ್ ಮಾಡಿದ್ದು. ಒಬ್ಬಳು ನಾನು. ಇನ್ನೊಬ್ಬ ಗೋಣಿಬೀಡಿನಲ್ಲಿ ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿಯ ಗ್ಯಾರೇಜ್ ಇಟ್ಟಿರುವವನು. ಡಿಪ್ಲೊಮಾ ಓದಿ, ಪ್ರೋಗ್ರಾಮಿಂಗ್ ತಾನೇ ಕಲಿತವನು. ನನಗಿಂತ ತುಂಬಾ ಚಿಕ್ಕವನು, ಮೊದಲ ದಿನದಿಂದ ನನ್ನನ್ನು ಅಕ್ಕ ಎಂದೇ ಕರೆದವನು. ನಾಲಿಗೆ ಮಾತ್ರ ನನಗಿಂತ ಚೂಪು. ಆ್ಯಪ್‌ನ ಅರ್ಧ ಕೋಡ್ ಅವನದು, ಅರ್ಧ ನನ್ನದು. ಎಸ್ಟೇಟಿನವರು ತಮ್ಮ ತಮ್ಮ ಮಳೆಯನ್ನು ಅದರಲ್ಲಿ ಹಾಕುವುದು, ಯಾರು ಬೇಕಾದರೂ ಯಾರ ಮಳೆಯನ್ನಾದರೂ ನೋಡುವುದು. ಅಷ್ಟೇ ಕೆಲಸ. ಅದಕ್ಕಾಗಿ ಅವನು ಬೈಕಿನಲ್ಲಿ ಕಳಸದವರೆಗೂ ಹೋಗಿ ತೋಟ ತೋಟದಲ್ಲಿ ಮಾಪಕ ಸರಿಮಾಡಿಕೊಟ್ಟು ಬಂದ.

ಅದನ್ನು ಸ್ವತಂತ್ರ ತಂತ್ರಾಂಶವಾಗಿಯೇ ಇಟ್ಟೆವು. ಯಾರು ಬೇಕಾದರೂ ಕೋಡ್ ತೆಗೆದುಕೊಳ್ಳಲಿ, ಬಿಚ್ಚಿ ನೋಡಲಿ, ತಿದ್ದಲಿ, ಹಂಚಲಿ. ತಿದ್ದಿ ಹಂಚಿದವರು ತಮ್ಮ ತಿದ್ದುಪಡಿಯನ್ನೂ ಹಾಗೆಯೇ ಎಲ್ಲರಿಗೂ ಬಿಟ್ಟುಕೊಡಲಿ. ಇದು ನಮ್ಮ ಲೈಸೆನ್ಸಿನ ಸಾರ. ಇದರ ಬಗ್ಗೆ ನಾನು ಭಾಷಣ ಬಿಗಿಯದ ಕಾಲೇಜು ಈ ಜಿಲ್ಲೆಯಲ್ಲಿ ಕಡಿಮೆ. "ಬಿಟ್ಟಿ ಸಿಗೋದು ಬೇರೆ, ಸ್ವತಂತ್ರವಾಗಿರೋದು ಬೇರೆ" ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಎಲ್ಲರ ಮಳೆಯೂ ಬಂದು ಸೇರುತ್ತಿದ್ದದ್ದು ನಮ್ಮ ಮನೆಯ ಉಗ್ರಾಣದಲ್ಲಿದ್ದ ಒಂದು ಹಳೆಯ ಕಂಪ್ಯೂಟರಿಗೆ. ಒಂದು ಸಂಜೆ ಸಿಡಿಲಿಗೆ ಅದು ಸುಟ್ಟುಹೋಯಿತು. ಆಗ ಹವಾಮಾನದ ಮಾಹಿತಿ ಮಾರುವ ಕಂಪನಿಯೊಂದು ತಾನಾಗಿಯೇ ಬಂದು, ನಮ್ಮ ಸರ್ವರಲ್ಲಿ ಜಾಗ ಕೊಡುತ್ತೇವೆ, ಏನೂ ಕೊಡಬೇಡಿ, ಷರತ್ತೂ ಇಲ್ಲ ಎಂದಿತು. ಗ್ಯಾರೇಜಿನವನಿಗೆ ಇಷ್ಟವಿರಲಿಲ್ಲ. "ಬಾಡಿಗೆ ಕೊಡದೆ ಇನ್ನೊಬ್ರ ಮನೇಲಿ ಎಷ್ಟು ದಿನ ಇರೋದು ಅಕ್ಕ? ಒಂದಿನ ಅವ್ರು ಹೇಳ್ದಂಗೆ ಕೇಳ್ಬೇಕಾಗುತ್ತೆ" ಎಂದ. ನಾನೇ ಗದರಿದೆ. ಕೋಡ್ ಸ್ವತಂತ್ರವಾಗಿದೆಯಲ್ಲ, ಅವರೇನು ಮಾಡಲು ಸಾಧ್ಯ ಎಂದು ನನ್ನ ವಾದ. ಕೋಡ್ ಬರೀ ಪಾತ್ರೆ, ಅನ್ನ ಅಂದರೆ ಮಳೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಎರಡು ಮಳೆಗಾಲ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಕಂಪನಿಯ ಪ್ರಸ್ತಾಪ ಬಂತು. ಆ್ಯಪ್‌ನ ಹೆಸರು, ಈವರೆಗೆ ಸೇರಿದ ಮತ್ತು ಇನ್ನು ಮುಂದೆ ಸೇರುವ ಮಳೆಯ ಮಾಹಿತಿ, ಎಲ್ಲವೂ ಕಂಪನಿಗೆ ಸೇರುತ್ತದೆ. ಬಳಸುವವರೆಲ್ಲ ಒಂದು ಸಭೆಯಲ್ಲಿ ಒಪ್ಪಿಗೆ ಕೊಡಬೇಕು. ನಾವಿಬ್ಬರೂ ಗ್ಯಾರೇಜಿನಲ್ಲಿ ಕೂತು, ಖಂಡಿತ ಆಗದು ಎಂದು ತೀರ್ಮಾನಿಸಿದೆವು. "ಸಭೇಲಿ ನಾನು ಹೇಳ್ತೀನಿ ಬಿಡು. ನನ್ನ ಬಾಯಿ ಗೊತ್ತಲ್ಲ" ಎಂದೆ. "ನಿಮ್ಮ ಬಾಯಿ ಇದ್ರೆ ನಮಗೆ ವಕೀಲರೇ ಬೇಡ ಅಕ್ಕ" ಎಂದು ಅವನು ನಕ್ಕ.

ಸಭೆ ನಡೆದದ್ದು ಅತ್ತಿಗುಂಡಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ. ಅಧ್ಯಕ್ಷತೆಗೆ ಮಲ್ಲಂದೂರಿನ ಹಿರಿಯ ಪ್ಲಾಂಟರ್ ಒಬ್ಬರನ್ನು ಕೂರಿಸಿದ್ದರು. ಬಹಳ ಸಜ್ಜನರು, ಅವರೆದುರು ನಾವ್ಯಾರೂ ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ. ಕಂಪನಿಯ ಪರವಾಗಿ ಬಂದಿದ್ದವನು ನಮ್ಮ ಕಡೆಯವನೇ ಆದ ತರುಣ ಅಧಿಕಾರಿ. ಸೂಟು ಬೂಟಿನ ಯಾರಾದರೂ ಬಂದು ಇಂಗ್ಲಿಷಿನಲ್ಲಿ ಮಾತಾಡಿದ್ದರೆ ನಾನು ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಇವನು ಬಾಗಿಲಲ್ಲೇ "ಬನ್ನಿ ಅಮ್ಮ, ದಾರೀಲಿ ತೊಂದ್ರೆ ಆಗ್ಲಿಲ್ಲ ತಾನೇ?" ಎಂದು ನನ್ನ ಚೀಲ ಇಸಿದುಕೊಂಡ. ಆ ಚೀಲದಲ್ಲೇ ನನ್ನ ಭಾಷಣ ಇತ್ತು.

ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ ಆದ ಮೇಲೆ ನನ್ನನ್ನು ವೇದಿಕೆಗೆ ಕರೆದರು. ಮಾತಾಡಲು ಎಂದುಕೊಂಡು ಹೋದರೆ, ಸನ್ಮಾನ! ಮೈಮೇಲೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. "ಮಲೆನಾಡಿನ ಮಳೆಯ ತಾಯಿ" ಎಂದು ಏನೇನೋ ಓದಿದರು. ಕೊನೆಗೆ ಆ ಅಧಿಕಾರಿ ಎಲ್ಲರೆದುರು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಯ್ಯೋ, ಬೇಡಪ್ಪ, ಬೇಡಪ್ಪ ಎನ್ನುವಷ್ಟರಲ್ಲಿ ಮೈಕು ನನ್ನ ಬಾಯಿಯ ಹತ್ತಿರ ಬಂದಿತ್ತು.

ಕಾಲಿಗೆ ಬಿದ್ದ ಹುಡುಗ ಇನ್ನೂ ಪಕ್ಕದಲ್ಲೇ ಕೈಕಟ್ಟಿ ನಿಂತಿರುವಾಗ, ನೀವು ಮಾಡುತ್ತಿರುವುದು ದರೋಡೆ ಎಂದು ಹೇಗೆ ಹೇಳುವುದು? ಯಾರಾದರೂ ಹೇಳುತ್ತಿದ್ದರೇನೋ. ನನಗಾಗಲಿಲ್ಲ. "ತುಂಬಾ ಸಂತೋಷ. ನನ್ನದೇನಿದೆ, ಎಲ್ಲ ನಿಮ್ಮ ಪ್ರೀತಿ" ಎಂದು ಕೈಮುಗಿದೆ. ಸತ್ಯ ಹೇಳಬೇಕೆಂದರೆ, ದಾಕ್ಷಿಣ್ಯ ಒಂದೇ ಅಲ್ಲ. ಖುಷಿಯೂ ಆಗಿತ್ತು. ನನಗೆ ಅದುವರೆಗೆ ಯಾರೂ ಶಾಲು ಹೊದಿಸಿರಲಿಲ್ಲ.

"ಹಾಗಾದ್ರೆ ಈ ಪ್ರಸ್ತಾಪವನ್ನು ಎಲ್ಲರೂ ಚಪ್ಪಾಳೆ ತಟ್ಟಿ ಅನುಮೋದಿಸಬೇಕು" ಎಂದು ನಿರೂಪಕರು ಹೇಳಿದರು. ನಮ್ಮ ಸಂಘ, ಸೊಸೈಟಿಗಳಲ್ಲೆಲ್ಲ ಇದೇ ಪದ್ಧತಿ. ಒಪ್ಪಿದವರೂ ತಟ್ಟುತ್ತಾರೆ, ತೂಕಡಿಸುತ್ತಿದ್ದವರೂ ಎಚ್ಚೆತ್ತು ತಟ್ಟುತ್ತಾರೆ. ಚಪ್ಪಾಳೆ ಶುರುವಾಯಿತು. ಹಿಂದಿನ ಸಾಲಿನಲ್ಲಿ ನನ್ನ ಗ್ಯಾರೇಜಿನ ಗೆಳೆಯ ಎದ್ದು ನಿಂತ.

"ಒಂದ್ನಿಮಿಷ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಳೆ ಬಿದ್ದಿದ್ದು ನಿಮ್ಮ ತೋಟಕ್ಕೆ, ಅಳೆದಿದ್ದು ನೀವು. ನಾಳೆ ಅದನ್ನ ನೋಡೋಕೆ ಇವ್ರ ಅಪ್ಪಣೆ ಕೇಳ್ಬೇಕಾಗುತ್ತೆ."

ಚಪ್ಪಾಳೆ ನಿಂತಿತು. ಹಿರಿಯ ಪ್ಲಾಂಟರ್ ಮೆಲ್ಲಗೆ, "ಆಮೇಲೆ ಮಾತಾಡುವ ಮಾರಾಯ, ಊಟ ಆರಿಹೋಗ್ತದೆ" ಎಂದರು. ಅವನು ಕೂರಲಿಲ್ಲ. ನನ್ನನ್ನೇ ನೋಡಿದ. ಅವನು ನೋಡಿದನೆಂದು ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬುಟ್ಟಿಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯಲ್ಲಿ, ಕೂತ್ಕೋ ಎಂದು ಸನ್ನೆ ಮಾಡಿದೆ.

ಅವನು ಕೂರದೆ ಹೊರಗೆ ಹೋದ. ರಂಜಾನ್ ತಿಂಗಳು, ಉಪವಾಸವಿದ್ದ ಅವನಿಗೆ ಊಟದ ಹಂಗೂ ಇರಲಿಲ್ಲ. ಚಪ್ಪಾಳೆ ಮುಂದುವರಿಯಿತು. ನಾಚಿಕೆಯಾದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಎಂದು ಕೇಳಿದ್ದೆ. ನನಗೆ ಚೆನ್ನಾಗಿಯೇ ಇಳಿಯಿತು. ಪಾಯಸ ಎರಡನೇ ಸಲವೂ ಹಾಕಿಸಿಕೊಂಡೆ. ಥೂ, ನನ್ನ ಜನ್ಮಕ್ಕೆ!

ಮಳೆಗಾಲ ಹಿಡಿಯುವಷ್ಟರಲ್ಲಿ ಆ್ಯಪ್ ಬದಲಾಯಿತು. ತಮ್ಮ ಮಳೆ ತಮಗೆ ಕಾಣುತ್ತದೆ, ಅಕ್ಕಪಕ್ಕದ ಮಳೆ ನೋಡಬೇಕಾದರೆ ಚಂದಾ ಕಟ್ಟಬೇಕು. ಎಸ್ಟೇಟಿನವರು ಕಟ್ಟಿದರು. ಮಾಪಕವೇ ಇಲ್ಲದ ಸಣ್ಣ ತೋಟದವರಿಗೆ ಬಾಗಿಲು ಮುಚ್ಚಿತು. ಯಾರಿಗಾಗಿ ಮಾಡಿದೆವೋ ಅವರಿಗೇ. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನನ್ನು ಗುರುತು ಹಿಡಿದು, "ಮೇಡಂ, ನಿಮ್ಮ ಕಂಪನಿಯವ್ರಿಗೆ ನೀವೊಂದು ಮಾತು ಹೇಳಿ. ನಮಗೆ ಬರೀ ಪಕ್ಕದ ತೋಟದ್ದು ಕಂಡ್ರೆ ಸಾಕು" ಎಂದು ಕೇಳಿಕೊಂಡಳು. ನನ್ನ ಕಂಪನಿಯಂತೆ! ಹೇಳ್ತೀನಮ್ಮ ಎಂದು, ನನ್ನದಲ್ಲದ ಬಸ್ಸು ಹತ್ತಿ ಕೂತೆ.

ಅಷ್ಟರಲ್ಲಿ ಗೆಳೆಯ ಸುಮ್ಮನೆ ಕೂತಿರಲಿಲ್ಲ. ಕೋಡ್ ಸ್ವತಂತ್ರವಾಗಿತ್ತಲ್ಲ; ಹಳೆಯ ಕೋಡನ್ನೇ ತೆಗೆದು, ಬೇರೆ ಹೆಸರಿಟ್ಟು, ಗ್ಯಾರೇಜಿನಲ್ಲೇ ಒಂದು ಕಂಪ್ಯೂಟರ್ ಕೂರಿಸಿ ಮತ್ತೆ ಶುರು ಮಾಡಿದ್ದ. ನನಗೆ ಹೇಳಿರಲಿಲ್ಲ. ತಿಳಿದು ಹೋದೆ. "ಬನ್ನಿ ಮೇಡಂ" ಎಂದು ಕುರ್ಚಿ ಒರೆಸಿ ಹಾಕಿದ. ಅಕ್ಕ ಹೋಗಿತ್ತು.

"ಬಯ್ಯೋದಾದ್ರೆ ಬೈದುಬಿಡು ಮಾರಾಯ" ಎಂದೆ.

"ನಿಮ್ಮನ್ನ ಬಯ್ಯೋಕೆ ನಾನ್ಯಾರು ಮೇಡಂ. ಯಾರ ಮನೆಗೆ ಹೋದ್ರೂ, ಮೇಡಮ್ಮೇ ಒಪ್ಪಿದಾರಲ್ಲ, ನಿಂದೇನು ತಕರಾರು ಅಂತಾರೆ. ಮಳೆ ಕಳಿಸೋರೇ ಇಲ್ಲ. ಬರೋ ಹೂಮಳೆಗೂ ಹೀಗೇ ಆದ್ರೆ ಮುಚ್ಚಿಬಿಡ್ತೀನಿ. ಖಾಲಿ ಆ್ಯಪ್ ಯಾರಿಗೆ ಬೇಕು?"

ಅವನ ದಾರಿಗೆ ಅಡ್ಡವಾಗಿ ಬಿದ್ದಿದ್ದದ್ದು ನನ್ನ ಕೈಸನ್ನೆ. ತೆಗೆಯಬೇಕಾದವಳೂ ನಾನೇ. ಆದರೂ ಚಳಿಗಾಲ ಪೂರ್ತಿ ಹಿಂದೆಮುಂದೆ ನೋಡಿದೆ. ಬರೆಯುವುದು, ಅಳಿಸುವುದು. ಜಗಳಗಂಟಿಗೆ ತಪ್ಪಾಯಿತು ಎನ್ನಲು ಬಾಯಿ ಬರುವುದಿಲ್ಲ. ಈ ವರ್ಷ ಬಿಸಿಲೇರಿ, ಮೋಡ ಕಟ್ಟಲು ಶುರುವಾದ ಮೇಲೆ ಒಂದು ಮಧ್ಯಾಹ್ನ ಬೆಳೆಗಾರರ ವಾಟ್ಸ್ಆ್ಯಪ್ ಗ್ರೂಪಿಗೆ ಬರೆದು ಕಳಿಸಿದೆ. "ಆವತ್ತಿನ ಪ್ರಸ್ತಾಪಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ಶಾಲು ಹೊದಿಸಿಕೊಂಡು ಬಾಯಿ ಮುಚ್ಚಿಕೊಂಡೆ. ಒಬ್ಬ ಎದ್ದು ಹೇಳಿದಾಗ ಅವನನ್ನು ಕೂರಿಸಲು ನೋಡಿದೆ. ತಪ್ಪು ನನ್ನದು. ಅವನ ಹೊಸ ಆ್ಯಪ್‌ಗೆ ಎಲ್ಲರೂ ಮಳೆ ಕಳಿಸಬೇಕು."

ಉಗಿಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಬಂದ ಉತ್ತರಗಳೇ ಬೇರೆ. "ನನಗೂ ಇಷ್ಟ ಇರಲಿಲ್ಲ, ನೀವು ಕೈಮುಗಿದ್ರಿ ಅಂತ ತಟ್ಟಿದೆ" ಎಂದು ಒಬ್ಬರು. "ನಂಗೂ ಅದೇ. ದೊಡ್ಡವ್ರು ವೇದಿಕೇಲಿ ಇದ್ರಲ್ಲ" ಎಂದು ಇನ್ನೊಬ್ಬರು. ಒಂದರ ಹಿಂದೆ ಒಂದು, ಸಂಜೆತನಕ. ಅಂದರೆ ಅಷ್ಟು ದೊಡ್ಡ ಸಭೆಯಲ್ಲಿ ಒಪ್ಪಿಗೆ ಇದ್ದವರು ಒಬ್ಬರೂ ಇರಲಿಲ್ಲ! ಮೊದಲು ಸಮಾಧಾನವಾಯಿತು. ಆಮೇಲೆ ಆವತ್ತಿನ ಹಿಂದಿನ ಸಾಲು ನೆನಪಾಯಿತು. ಎಲ್ಲರ ಮನಸ್ಸಿನಲ್ಲಿದ್ದುದನ್ನು ಎದ್ದು ಹೇಳಿದವನು ಒಬ್ಬ, ಅವನಿಗೆ ನಾನು ಕೂತ್ಕೋ ಎಂದಿದ್ದೆ.

ಕೊನೆಗೆ ಹಿರಿಯ ಪ್ಲಾಂಟರ್ ಬರೆದರು. "ನೀವು ಹೇಳೋದು ಸರಿ ಮೇಡಂ. ಆದ್ರೆ ಈಗ ಹೇಗೆ ಇಲ್ಲ ಅನ್ನೋದು? ಅವರ ಊಟ ಮಾಡಿ ಬಂದಿದ್ದೀವಲ್ಲ." ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಗೆಳೆಯ ಬರೆದದ್ದು ಒಂದೇ ಸಾಲು: "ಒಪ್ಪದೇ ಇದ್ದವರೆಲ್ಲ ಈ ಸಲದ ಹೂಮಳೆ ಕಳಿಸಿ."

ಆ ಸಂಜೆಯೇ ಹೂಮಳೆ ಬಂತು. ಗುಡುಗು, ಗಾಳಿ ಸಮೇತ ಸುರಿದು ನಿಂತಿತು. ಎಲ್ಲೆಲ್ಲೂ ಬಿದ್ದಿದೆ ಎಂದು ಫೋನುಗಳಲ್ಲಿ ಒಂದೇ ಸಡಗರ. ನಾನು ಮಾಪಕ ನೋಡಿ ನಮ್ಮ ಮನೆಯ ಮಳೆಯನ್ನು ಅವನ ಆ್ಯಪ್‌ಗೆ ಹಾಕಿದೆ. ಬೆಳಿಗ್ಗೆ ತಡೆಯಲಾರದೆ ಮೊದಲ ಬಸ್ಸಿಗೇ ಗೋಣಿಬೀಡಿಗೆ ಹೋದೆ. ಅವನು ಸ್ಪ್ರೇಯರ್ ಒಂದನ್ನು ಬಿಚ್ಚಿಕೊಂಡು ಕೂತಿದ್ದ.

"ಎಷ್ಟು ಜನ ಕಳಿಸಿದ್ರು?" ಎಂದು ಕೇಳಿದೆ.

ಕೈ ಒರೆಸಿಕೊಂಡು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. "ನೋಡಿ ಮೇಡಂ. ನಿನ್ನೆ ಇಡೀ ತಾಲ್ಲೂಕಲ್ಲಿ ಮಳೆ ಆಗಿದ್ದು ಈ ಗ್ಯಾರೇಜ್ ಮೇಲೆ, ನಿಮ್ಮನೆ ಮೇಲೆ. ಬೇರೆಲ್ಲೂ ಒಂದು ಹನಿ ಬಿದ್ದಿಲ್ಲ."