ಕೋಳಿಹೆಜ್ಜೆಯ ಕಲ್ಲು

ಗೋರೆಗಾಂವ್ ಸ್ಟೇಶನ್ನಿನಿಂದ ಪೂರ್ವಕ್ಕೆ ಮುಕ್ಕಾಲು ತಾಸು ನಡೆದರೆ ಕಲ್ಲಿನ ಖಾಣಿ ಸಿಗುತ್ತಿತ್ತು. ಆಗ ಅದನ್ನು ಮುಂಬಯಿ ಎಂದರೆ ಯಾರೂ ನಂಬುತ್ತಿರಲಿಲ್ಲ. ಗದ್ದೆ, ತಾಳೆಮರ, ಎಮ್ಮೆಗಳ ತಬೇಲಾ, ಅದರಾಚೆ ವಿಜಾಪುರದ ಕಡೆಯಿಂದ ಬಂದು ಕಲ್ಲು ಒಡೆಯುತ್ತಿದ್ದವರ ಮೂವತ್ತು ಚಿಲ್ಲರೆ ಗುಡಿಸಲು. ಅಲ್ಲಿಯ ಕನ್ನಡ ಶಾಲೆಗೆ ನಾನೊಬ್ಬಳೇ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು. ಐವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ಮದುವೆಯಾಗಿ ವಿಲೆ ಪಾರ್ಲೆಯ ಚಾಳಿನ ಒಂದು ಕೋಣೆಗೆ ಬಂದಿದ್ದೆ. ದಿನಾ ಲೋಕಲ್ ಹಿಡಿದು ಹೋಗಿಬರುತ್ತಿದ್ದೆ. ವಯಸ್ಸು ಇಪ್ಪತ್ತೆರಡು, ಮೈತುಂಬ ಜಂಬ.

ಮೊದಲ ವರ್ಷ ಶಾಲೆ ನಡೆದದ್ದು ಹುಣಸೆಮರದ ಕೆಳಗೆ. ಮಳೆ ಬಂದರೆ ಮಕ್ಕಳಿಗೆ ಹಬ್ಬ. ಮರುವರ್ಷ ಹಿರಿಯರು ಕೂಡಿ ಕಟ್ಟಡ ಎಬ್ಬಿಸುವುದೆಂದು ಮಾತಾಡಿಕೊಂಡರು. ಮನೆಗೆ ಹತ್ತು ಕಲ್ಲು, ಅವುಗಳಲ್ಲಿ ಒಂದರ ಮೇಲೆ ಆ ಮನೆಯ ಗುರುತು. ಖಾಣಿಯಲ್ಲಿ ಯಾವ ಕಲ್ಲು ಯಾರದೆಂದು ತಿಳಿಯಲು ಪ್ರತಿಯೊಬ್ಬನೂ ಉಳಿಯಿಂದ ತನ್ನದೊಂದು ಗುರುತು ಕೊರೆಯುತ್ತಿದ್ದ. ಚಂದ್ರ, ಚೇಳು, ಬಾಚಣಿಗೆ, ಹೀಗೆ. ಹೆಬ್ಬೆಟ್ಟು ಒತ್ತುವವರ ಸಹಿ ಅದು. ನಾಲ್ಕೈದು ಭಾನುವಾರಗಳಲ್ಲಿ ಗೋಡೆ ಎದ್ದಿತು. ಗುರುತಿನ ಕಲ್ಲುಗಳು ಕೈಗೆ ಸಿಕ್ಕಂತೆ ಅಲ್ಲಲ್ಲಿ ಕೂತವು. ಕಲ್ಲು ಕೂಡಿಸಿ ಗೋಡೆ ಕಟ್ಟಿದ ನಾಲ್ಕೈದು ಜನ ಮಳೆಗಾಲಕ್ಕೆ ಮುಂಚೆಯೇ ಪವಾಯಿ ಕಡೆಯ ಬೇರೆ ಖಾಣಿಗೆ ಹೋದರು.

ಎರಡು ವರ್ಷ ಆ ಗೋಡೆಗಳ ನಡುವೆ ಕೂತು ಅ ಆ ತಿದ್ದಿಸಿದೆ. ಆ ಗುರುತುಗಳನ್ನು ಒಮ್ಮೆಯೂ ನಿಂತು ನೋಡಲಿಲ್ಲ.

ಅಷ್ಟರಲ್ಲಿ ಶಾಲೆಗೆ ಮಾನ್ಯತೆ ಕೊಡಲು ಇನ್‌ಸ್ಪೆಕ್ಟರ್ ಸಾಹೇಬರು ಬರುವ ಸುದ್ದಿ ಬಂತು. ನನಗೆ ಕರಿಕಲ್ಲಿನ ಗೋಡೆ ತಬೇಲಾದ ಹಾಗೆ ಕಾಣಿಸತೊಡಗಿತು. ಗಾರೆ ಬಳಿದು ಬೆಳ್ಳಗೆ ಮಾಡಿಸಬೇಕೆಂದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕೋರು ಹೇಳಿದ ಮೇಲೆ ಮುಗಿಯಿತು ಎಂದು ಹಿರಿಯನೊಬ್ಬ ಅಂದ. ಎರಡೇ ದಿನದಲ್ಲಿ ಒಳಗೂ ಹೊರಗೂ ಗಾರೆ, ಸುಣ್ಣ. ಸಾಹೇಬರು ಬಂದರು, ಹಾಜರಿ ನೋಡಿದರು, ಚಹಾ ಕುಡಿದರು, ಹೋದರು. ಗೋಡೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಅದಾದ ಹದಿನೈದು ದಿನಕ್ಕೆ ಹಿರಿಯ ಹೆಂಗಸೊಬ್ಬಳು ಬಂದಳು. ಅವಳ ಗಂಡ ಶಾಲೆಗೆ ಕಲ್ಲು ಕಡಿದುಕೊಟ್ಟ ವಾರದಲ್ಲೇ ಜ್ವರ ಬಂದು ಮಲಗಿದ್ದ. ಊರಿಗೆ ಕರೆದುಕೊಂಡು ಹೋದರೂ ಉಳಿದಿರಲಿಲ್ಲ. ಎರಡು ವರ್ಷ ಊರಲ್ಲೇ ಇದ್ದು, ಈಗ ಮಗನ ಗುಡಿಸಲಿಗೆ ಮರಳಿದ್ದಳು. ಗಂಡನದೊಂದು ಫೋಟೋ ಇಲ್ಲ. ಉಳಿ ಸುತ್ತಿಗೆಯನ್ನು ಮೈದುನರು ಇಟ್ಟುಕೊಂಡಿದ್ದರು. ಅವನ ಕೈಯ ಗುರುತು ಅಂತ ಉಳಿದದ್ದು ನಮ್ಮ ಗೋಡೆಯಲ್ಲಿದ್ದ ಒಂದೇ ಕಲ್ಲು. ಅವಳು ಕೈಯಲ್ಲಿ ಒಂದು ಕಣಗಿಲೆ ಹೂ ಹಿಡಿದು ಬಿಳಿ ಗೋಡೆಯ ಮುಂದೆ ನಿಂತಳು.

"ನಮ್ಮ ಮನ್ಯಾರ ಕೋಳಿಹೆಜ್ಜಿ ಕಲ್ಲು ಎಲ್ಲಿ ಕೂಡಿಸ್ಯಾರ್ರಿ, ಅಕ್ಕೋರ? ಯಾರಿಗೂ ನೆನಪಿಲ್ಲ ಅಂತಾರ. ನೀವು ದಿನಾ ಇಲ್ಲೇ ಇರ್ತೀರಿ."

ಅವಳೇ ನನ್ನ ಮುಖ ನೋಡಿ, ನೆನಪಿಲ್ಲದಿದ್ದರೆ ಇರಲಿ, ಎಲ್ಲೋ ಒಳಗಿದೆಯಲ್ಲ, ಅಷ್ಟು ಸಾಕು ಎಂದಳು. ಆಗಲಾದರೂ ನಿಜ ಹೇಳಬಹುದಿತ್ತು. ಎರಡು ವರ್ಷ ಕಣ್ಣಿದ್ದೂ ಕುರುಡಿಯಾಗಿದ್ದೆ ಎಂದು ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ.

"ಇದ ನೋಡ್ರಿ ಅವ್ವಾ," ಎಂದು ಬಾಗಿಲ ಬಲಕ್ಕೆ, ಎದೆಮಟ್ಟದಲ್ಲಿ, ಕೈಯಿಟ್ಟು ತೋರಿಸಿದೆ.

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು ಸುಳ್ಳು.

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಬಂದು ಅಲ್ಲಿ ಹೂವಿಟ್ಟು, ಅಂಗೈಯೂರಿ ನಿಂತು ಹೋಗುತ್ತಿದ್ದಳು. ಮೊಮ್ಮಗಳು ಶಾಲೆಗೆ ಸೇರಿದ ದಿನ ಆ ಹುಡುಗಿಯ ಹಣೆಯನ್ನೂ ಅಲ್ಲಿಗೆ ಮುಟ್ಟಿಸಿದಳು. ನೋಡನೋಡುತ್ತ ಉಳಿದ ಮಕ್ಕಳೂ ಶುರು ಮಾಡಿದರು. ಹೊಸಬರು ಬಂದರೆ ಮೊದಲು ಬಾಗಿಲ ಬಲಗಡೆ ನಮಸ್ಕಾರ, ಆಮೇಲೆ ಪಾಟಿ, ಬಳಪ. ಯಾರಾದರೂ ಆ ಕಲ್ಲಿನ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಗಾರೆ ಬಳಿದ ಮೇಲಿನ ಎರಡನೆಯ ಮಳೆಗಾಲ ಮುಗಿದಾಗ ಹಿಂದಿನ ಗೋಡೆಯ ಗಾರೆ ಉದುರಿತ್ತು. ಒಂದು ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಹೋದವಳು ಸುತ್ತು ಹಾಕಿ ನೋಡಿದೆ. ಕಿಟಕಿಯ ಕೆಳಗೆ, ನನ್ನ ಮೊಣಕಾಲಿನ ಮಟ್ಟದಲ್ಲಿ, ಮೂರು ಗೆರೆ, ಹಿಂದೊಂದು ಪುಟ್ಟ ಗೆರೆ. ಕೋಳಿಹೆಜ್ಜೆ. ಎಷ್ಟು ಅಚ್ಚುಕಟ್ಟಾಗಿ ಕೊರೆದಿದ್ದ! ಅವಳನ್ನು ಕರೆದು ತೋರಿಸಬೇಕು ಅನ್ನಿಸಿತು. ಎರಡು ವರ್ಷ ಇಟ್ಟ ಹೂಗಳಿಗೆ ಏನು ಹೇಳಲಿ? ಅವಳ ಮನಸ್ಸಿಗೆ ನೋವಾದೀತು ಎಂದುಕೊಂಡೆ. ಅದೂ ಸುಳ್ಳೇ. ನನಗೆ ಹೆದರಿಕೆಯಿದ್ದದ್ದು ಅಕ್ಕೋರು ಎಂಬ ಹೆಸರು ಕೆಟ್ಟೀತೆಂದು.

ಮೂಲೆಯ ಡಬ್ಬಿಯಲ್ಲಿ ದೀಪಾವಳಿಗೆಂದು ನೆನೆಹಾಕಿದ ಸುಣ್ಣವಿತ್ತು. ಮಣ್ಣಿನೊಂದಿಗೆ ಕಲೆಸಿ, ಕುಕ್ಕರಗಾಲಲ್ಲಿ ಕೂತು, ಬರಿಗೈಯಿಂದ ಆ ಗೆರೆಗಳನ್ನು ಒಂದೊಂದಾಗಿ ಮುಚ್ಚಿದೆ.

ಎದ್ದು ಮುಂದಕ್ಕೆ ಬಂದಾಗ ಆಕೆ ಹೂವಿಟ್ಟು ತಿರುಗುತ್ತಿದ್ದಳು. ನನ್ನ ಕೈ ನೋಡಿ ಗಾಬರಿಯಾದಳು. ಮಕ್ಕಳ ಕೊಡದಿಂದ ತಂಬಿಗೆಯಲ್ಲಿ ನೀರು ಮೊಗೆದು ತಂದಳು.

"ಸುಣ್ಣ ಕೈ ಸುಡತೈತ್ರಿ. ಚಾಚ್ರಿ ಇತ್ತ. ನಮ್ಮ ಸಾಲಿಗೆ ನೀವು ಎಷ್ಟ್ ಮಾಡ್ತೀರಿ, ಅಕ್ಕೋರ."

ನಾನು ಕೈ ಚಾಚಿದೆ. ಅವಳು ನೀರು ಹಾಕುತ್ತ, ಉಗುರಿನ ಸಂದಿಯಲ್ಲಿ ಉಳಿದದ್ದನ್ನೂ ತನ್ನ ಹೆಬ್ಬೆರಳಿನಿಂದ ತಿಕ್ಕಿ ತೊಳೆದಳು.