ಗೆದ್ದವರ ಅರ್ಧ

ಹ್ಯಾಮಿಲ್ಟನ್‌ನಲ್ಲಿ 2007ರಲ್ಲಿ ನಮ್ಮ ಕನ್ನಡ ಸಂಘದ ಹಾಲ್ ಬಾಡಿಗೆಗಾಗಿ ಲಾಟರಿ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಚೀಟಿ ಮಾರಿ ಬಂದ ಹಣದಲ್ಲಿ ಅರ್ಧ ಸಂಘಕ್ಕೆ, ಅರ್ಧ ಗೆದ್ದವರಿಗೆ. ಗೆದ್ದದ್ದು ಹುಬ್ಬಳ್ಳಿಯ ಹುಡುಗಿ ರೂತ್. ನರ್ಸಿಂಗ್ ಓದಿದ್ದರೂ ಇಲ್ಲಿ ವೃದ್ಧಾಶ್ರಮದಲ್ಲಿ ಮೈ ಒರೆಸುವ ಕೆಲಸ; ಇಲ್ಲಿನ ನರ್ಸ್ ನೋಂದಣಿಯ ಕೋರ್ಸಿಗೆ ಡಾಲರ್ ಕೂಡಿಡುತ್ತಿದ್ದಳು.

ಅವಳು ವೇದಿಕೆ ಹತ್ತುವ ಮೊದಲೇ ಅಧ್ಯಕ್ಷರು ಮೈಕಿನಲ್ಲಿ, "ನಮ್ಮ ರೂತ್ ಸಿಸ್ಟರ್ ತಮ್ಮ ಅರ್ಧವನ್ನೂ ಸಂಘಕ್ಕೇ ಕೊಡ್ತಿದಾರೆ" ಎಂದುಬಿಟ್ಟರು. ಹಾಲ್ ತುಂಬ ಚಪ್ಪಾಳೆ.

ರೂತ್ ನನ್ನ ಬಳಿ ಬಂದು, "ಅಣ್ಣಾರ, ನಾ ಹಂಗ ಅಂದೇ ಇಲ್ರಿ" ಎಂದಳು.

ಅಧ್ಯಕ್ಷರನ್ನು ಕೇಳಿದೆ. "ಚಪ್ಪಾಳೆ ಆಗೋಯ್ತಲ್ರೀ, ಈಗ ಹೇಗೆ ವಾಪಸ್ ತಗೊಳ್ಳೋದು?" ಎಂದು ನಕ್ಕರು.

ನನಗೆ ಮೈ ಉರಿಯಿತು. "ದಾನ ಮಾಡೋ ಆಸೆ ಇದ್ರೆ ನಿಮ್ಮ ಜೇಬಿಂದ ಮಾಡಿ ಸಾರ್" ಎಂದು ಮೈಕ್ ಕಿತ್ತುಕೊಂಡೆ. ರೂತ್ ಹಾಗೆ ಹೇಳಿಲ್ಲ, ಆ ಹಣ ಅವಳದು ಎಂದು ಎಲ್ಲರಿಗೂ ತಿಳಿಸಿ, ಲಕೋಟೆಯನ್ನು ಅವಳ ಕೈಗಿಟ್ಟೆ. ಸಭೆ ಕಳ್ಳನನ್ನು ನೋಡುವಂತೆ ನನ್ನನ್ನು ನೋಡಿತು.

ಮರುವರ್ಷ ರೂತ್ ಆಸ್ಪತ್ರೆಯಲ್ಲಿ ನರ್ಸ್ ಆದಳು. ಅಧ್ಯಕ್ಷರು ಅವಳಿಗೆ ಶಾಲು ಹೊದಿಸಿ, ಸಂಘದ ನೆರವಿನಿಂದಲೇ ಇದು ಸಾಧ್ಯವಾಯಿತು ಎಂದು ಭಾಷಣ ಮಾಡಿದರು. ನನ್ನನ್ನು ಆ ಸಲ ಹಿಂದುಗಡೆ, ಸಾರು ಬಡಿಸಲು ನಿಲ್ಲಿಸಿದ್ದರು.